ತಳದ ಬುಟ್ಟಿ

ಕಂಪ್ಯೂಟರ್ ಪರದೆಯ ಮೇಲೆ ಆ ಚಿತ್ರ ಮೂಡಿದ ಕೂಡಲೇ ನನಗೆ ಅನುಮಾನ ಬಂತು. ನನ್ನ ಹತ್ತಿರ ಮೀನಿನ ಸಂಶೋಧನೆ ಮಾಡುವ ಹುಡುಗ ಆರು ತಿಂಗಳು ಮಲ್ಪೆಯ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಕಡೆ, ನಿಂತು ಅಳೆದ ಬೂತಾಯಿ (ಸಾರ್ಡಿನ್) ಮೀನುಗಳ ಲೆಕ್ಕ ಅದು. ಯಾವ ಉದ್ದದ ಮೀನು ಎಷ್ಟು ಸಿಕ್ಕಿತು ಅಂತ ಕಂಬ ಕಂಬವಾಗಿ ತೋರಿಸುವ ಚಿತ್ರ. ಸರಿಯಾಗಿ ಅಳೆದಿದ್ದರೆ ಅದು ಗುಡ್ಡದ ಹಾಗೆ ಏರಿ ಇಳಿಯಬೇಕು. ಇಲ್ಲಿ ಬಾಚಣಿಗೆ ನಿಲ್ಲಿಸಿದ ಹಾಗಿತ್ತು. 150 ಮಿಲಿಮೀಟರಿಗೆ ಒಂದು ಹಲ್ಲು, 155ಕ್ಕೆ ಒಂದು, 160ಕ್ಕೆ ಇನ್ನೊಂದು. 152, 153, 157ರ ಮೀನುಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಬೂತಾಯಿ ಸ್ಕೇಲು ನೋಡಿಕೊಂಡು ಬೆಳೆಯುವುದಿಲ್ಲ. ಹಾಗಾದರೆ ಇದು ಮೀನಿನ ಲೆಕ್ಕವಲ್ಲ, ಅಳೆದವನ ಕಣ್ಣಿನ ಲೆಕ್ಕ. ಹುಡುಗನನ್ನು ಕರೆದು ಕೇಳಿದೆ. "ಸರ್, ಹತ್ತಿರದ ದಪ್ಪ ಗೆರೆಗೆ ಹಾಕಿದ್ದೇನೆ" ಅಂದ, ತಲೆ ತಗ್ಗಿಸಿಕೊಂಡು. ನಾನು ರೇಗಿದೆ. ಆರು ತಿಂಗಳ ಕೆಲಸ ನೀರಿಗೆ ಹಾಕಿದೆಯಲ್ಲಪ್ಪಾ ಅಂತ ಇನ್ನೂ ಏನೇನೋ ಅಂದೆ. ಅವನು ಹೋದ ಮೇಲೆ ಒಂದು ಯೋಚನೆ ಕೊರೆಯಲು ಶುರುವಾಯಿತು. ನಾನು ಕೊನೆಯ ಸಲ ದಕ್ಕೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮೀನು ಅಳೆದದ್ದು ಯಾವಾಗ? ಲೆಕ್ಕ ಹಾಕಿದೆ. ಹನ್ನೊಂದು ವರ್ಷ ಆಗಿತ್ತು.

ನಾನು ತಿಪಟೂರು ಕಡೆಯವನು. ಕೆರೆಯ ಮೀನು ಬಿಟ್ಟರೆ ಬೇರೆ ಮೀನು ಕಂಡವನಲ್ಲ. ಓದಲು ಕರಾವಳಿಗೆ ಬಂದೆ, ಹರಕು ಮುರುಕು ತುಳು ಕಲಿತೆ, ಇಲ್ಲೇ ಉಳಿದೆ. ಶುರುವಿನ ವರ್ಷಗಳಲ್ಲಿ ವಾರಕ್ಕೆ ನಾಲ್ಕು ದಿನ ದಕ್ಕೆಯಲ್ಲೇ ಇರುತ್ತಿದ್ದೆ. ಆಮೇಲೆ ವಿದ್ಯಾರ್ಥಿಗಳು ಬಂದರು. ಅವರ ಹಿಂದೆ ಪ್ರಾಜೆಕ್ಟು, ಅದರ ಹಿಂದೆ ಮೀಟಿಂಗು. ಗೈಡ್ ಅಂದರೆ ಸಹಿ ಹಾಕುವವನು ಅಂತಾಯಿತು. ದಕ್ಕೆಯಿಂದ ನನಗೆ ಬರುತ್ತಿದ್ದದ್ದು ಎಕ್ಸೆಲ್ ಫೈಲು ಮಾತ್ರ. ಅದಕ್ಕೆ ಮೀನಿನ ವಾಸನೆ ಇರುವುದಿಲ್ಲ.

ಇಷ್ಟಕ್ಕೂ ಮೀನಿನ ಉದ್ದಕ್ಕೆ ಯಾಕೆ ಇಷ್ಟು ತಲೆಬಿಸಿ ಅಂತ ನೀವು ಕೇಳಬಹುದು. ಚಳಿ ದೇಶಗಳ ಮೀನಿನ ವಯಸ್ಸು ಹೇಳುವುದು ಅಷ್ಟು ಕಷ್ಟವಲ್ಲ. ಮೀನಿನ ಕಿವಿಯೊಳಗೆ ಪುಟ್ಟ ಕಲ್ಲಿರುತ್ತದೆ. ಬೇಸಿಗೆಯಲ್ಲಿ ಬೇಗ ಬೆಳೆದು ಚಳಿಗೆ ನಿಧಾನವಾಗುವುದರಿಂದ ಆ ಕಲ್ಲಿನಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ, ಮರದ ಕಾಂಡದಲ್ಲಿ ಮೂಡುವ ಹಾಗೆ. ನಮ್ಮ ಕಡಲಿಗೆ ಅಂಥ ಚಳಿಗಾಲ ಎಲ್ಲಿದೆ? ಇಲ್ಲಿನ ಮೀನಿನಲ್ಲಿ ವರ್ಷದ ಉಂಗುರ ಸರಿಯಾಗಿ ಕಾಣುವುದಿಲ್ಲ. ದಿನಕ್ಕೊಂದು ಸಣ್ಣ ಗೆರೆಯೂ ಆ ಕಲ್ಲಿನಲ್ಲಿರುತ್ತದೆ ಅಂತ 1971ರಲ್ಲಿ ಜಾರ್ಜಿಯೋ ಪನ್ನೆಲ್ಲಾ ಅನ್ನುವ ವಿಜ್ಞಾನಿ ತೋರಿಸಿಕೊಟ್ಟರು. ಆದರೆ ಕಡ್ಲೆಬೇಳೆಗಿಂತ ಎಷ್ಟೋ ಚಿಕ್ಕ ಕಲ್ಲನ್ನು ಉಜ್ಜಿ ತೆಳ್ಳಗೆ ಮಾಡಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ಎಣಿಸುತ್ತ ಕೂತರೆ ದಿನಕ್ಕೆ ಬೆರಳೆಣಿಕೆಯ ಮೀನು ಮುಗಿಯುತ್ತದೆ ಅಷ್ಟೇ.

ಹಾಗಾಗಿ ನಮಗೆ ಉದ್ದವೇ ಗತಿ. ತಿಂಗಳು ತಿಂಗಳು ನೂರಾರು ಮೀನು ಅಳೆದರೆ, ಒಟ್ಟಿಗೆ ಹುಟ್ಟಿದ ಮರಿಗಳ ಗುಂಪು ಚಿತ್ರದಲ್ಲಿ ಒಂದು ಗುಡ್ಡವಾಗಿ ಕಾಣುತ್ತದೆ. ಮುಂದಿನ ತಿಂಗಳು ಆ ಗುಡ್ಡ ಸ್ವಲ್ಪ ಬಲಕ್ಕೆ ಸರಿದಿರುತ್ತದೆ. ಎಷ್ಟು ಸರಿಯಿತೋ ಅಷ್ಟು ಬೆಳೆದಿದೆ ಅಂತ ಅರ್ಥ. ಬೂತಾಯಿ ಬದುಕುವುದೇ ಎರಡು, ಎರಡೂವರೆ ವರ್ಷ. ವರ್ಷ ತುಂಬುವ ಹೊತ್ತಿಗೆ ಸುಮಾರು 15 ಸೆಂ.ಮೀ. ಆಗಿ ಮೊಟ್ಟೆಯಿಡಲು ತಯಾರು. ಇಷ್ಟು ಚುಟುಕು ಬದುಕಿನಲ್ಲಿ ಅರ್ಧ ಸೆಂಟಿಮೀಟರ್ ಸಣ್ಣ ವಿಷಯವಲ್ಲ. 148ರ ಮೀನುಗಳನ್ನೆಲ್ಲ 150 ಅಂತ ಬರೆದರೆ, ಇನ್ನೂ ಮೊಟ್ಟೆಯಿಡದ ಎಷ್ಟೋ ಮೀನು ಲೆಕ್ಕದಲ್ಲಿ ತಾಯಿಯಾಗಿಬಿಡುತ್ತವೆ.

ಮರುವಾರ ಹುಡುಗನ ಜೊತೆ ನಾನೇ ಮಲ್ಪೆಗೆ ಹೋದೆ. ಬೆಳಗಿನ ಜಾವ ಇನ್ನೂ ಕತ್ತಲು. ಮೀನಿನ ಗುಂಪನ್ನು ಸುತ್ತುವರಿದು ಹಿಡಿಯುವ ಪರ್ಸಿನ್ ಬಲೆಯ ಬೋಟಿನಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿತ್ತು. ನೆಲವೆಲ್ಲ ಐಸಿನ ನೀರು, ಮೀನಿನ ಪೊರೆ. ಒಂದು ಕಡೆ ಏಲಂ ಕೂಗು, ಇನ್ನೊಂದು ಕಡೆ ಕೈಗಾಡಿಯವರ ಬೈಗುಳ. ಹುಡುಗ ಎರಡು ಬಾಕ್ಸ್‌ಗಳ ಸಂದಿಯಲ್ಲಿ ಕೂತು ಅಳತೆಯ ಹಲಗೆ ಇಟ್ಟ. "ಸರ್, ನೀವೇ ಅಳೀರಿ, ನಾನು ಬರ್ಕೋತೀನಿ" ಅಂದ. ಅದರಲ್ಲಿ ಸ್ವಲ್ಪ ಸೇಡೂ ಇತ್ತು ಅಂತ ಈಗಲೂ ನನಗೆ ಅನುಮಾನ.

ಐವತ್ತು ಮೀನು ಅಳೆದೆ. ಐಸಿನಲ್ಲಿದ್ದ ಮೀನು ಸೆಟೆದು ಬಿಲ್ಲಿನ ಹಾಗೆ ಬಾಗಿರುತ್ತದೆ. ನೆಟ್ಟಗೆ ಮಾಡಿದರೆ ಬಾಲ ಬಿರಿಯುತ್ತದೆ. ಹಲಗೆಯ ಮೇಲೆ ಪೊರೆ ಅಂಟಿ ಗೆರೆಗಳೇ ಕಾಣುವುದಿಲ್ಲ. ಇರುವ ಒಂದು ಲೈಟು ನಮ್ಮ ಬೆನ್ನ ಹಿಂದೆ, ನಮ್ಮದೇ ನೆರಳು ಹಲಗೆಯ ಮೇಲೆ. ಅಷ್ಟರಲ್ಲಿ ಏಲಂ ಮುಗಿದು, "ಆಯ್ತಾ ಸರ್, ಎತ್ತುದಾ?" ಅಂತ ಬುಟ್ಟಿಯ ಮೇಲೆ ಕೈಯಿಟ್ಟುಕೊಂಡೇ ಒಬ್ಬ ನಿಂತಿರುತ್ತಾನೆ. ಆಫೀಸಿಗೆ ಬಂದು ನನ್ನ ಐವತ್ತನ್ನು ನೋಡಿದೆ. ಸೊನ್ನೆ ಅಥವಾ ಐದರಲ್ಲಿ ಮುಗಿದದ್ದು 23. ಸರಿಯಾಗಿ ಅಳೆದಿದ್ದರೆ ಹತ್ತರ ಆಸುಪಾಸು ಇರಬೇಕಿತ್ತು. ಇಪ್ಪತ್ತು ವರ್ಷದಿಂದ ಇದನ್ನೇ ಕಲಿಸುತ್ತಿರುವವನ ಲೆಕ್ಕ ಇದು! ಹುಡುಗನಿಗೆ ತೋರಿಸಿದೆ. ಅವನು ನಗಲಿಲ್ಲ, ದೊಡ್ಡ ಮನಸ್ಸು.

ಇದಕ್ಕೆ ಪರಿಹಾರ ಹೊಸದೇನಲ್ಲ, ನಾವು ಮರೆತಿದ್ದೆವು ಅಷ್ಟೇ. ಗೆರೆಯೇ ಇಲ್ಲದ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವುದು. ಮೀನಿನ ಮೂತಿಯನ್ನು ಒಂದು ತುದಿಗೆ ಒತ್ತಿಟ್ಟು, ಬಾಲದ ತುದಿಯಲ್ಲಿ ಸೂಜಿಯಿಂದ ಒಂದು ತೂತು ಚುಚ್ಚುವುದು. ಸಂಖ್ಯೆ ಓದುವ ಕೆಲಸವೇ ಇಲ್ಲ, ಬರೆದುಕೊಳ್ಳಲು ಇನ್ನೊಬ್ಬ ಬೇಡ, ಮಳೆ ಬಂದರೂ ಹಾಳಾಗುವುದಿಲ್ಲ. ಲ್ಯಾಬಿಗೆ ಬಂದು ಬೆಳಕಿಗೆ ಹಿಡಿದು, ಸ್ಕೇಲು ಇಟ್ಟು ಆರಾಮಾಗಿ ಓದಿಕೊಂಡರಾಯಿತು. ಒಂದೇ ತಿಂಗಳಲ್ಲಿ ಬಾಚಣಿಗೆ ಗುಡ್ಡವಾಯಿತು.

ಅಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿದ್ದೆ.

ಆ ವರ್ಷ ಇನ್ನೊಬ್ಬ ವಿದ್ಯಾರ್ಥಿನಿ ಸೇರಿದ್ದಳು, ಬಂಗುಡೆಯ ಕೆಲಸಕ್ಕೆ. ಅವಳ ಮೊದಲ ತಿಂಗಳ ಗುಡ್ಡ ಬಹಳ ಚೆಂದ ಇತ್ತು. ಒಂದೇ ಗುಡ್ಡ, ಎಲ್ಲ 20 ಸೆಂ.ಮೀ. ಆಚೀಚೆಯವು. ಮರಿಗಳೇ ಇಲ್ಲ. ಒಂದು ದಿನ ಮೀನು ಮಾರುವ ಅಕ್ಕ ಒಬ್ಬರು ಅವಳಿಗೆ ಹೇಳಿದರಂತೆ: "ಎಂಥ ಮಗಾ ನೀನು, ದಿನಾ ಮೇಲಿಂದೇ ತೆಗ್ದು ಅಳೀತಿ. ಮೇಲಿಂದು ತೋರ್ಸ್ಲಿಕ್ಕೆ ಇಡುದು. ತಳದ ಬುಟ್ಟಿ ನೋಡು."

ತಳದ ಬುಟ್ಟಿಯಲ್ಲಿ ಬೇರೆಯೇ ಕಡಲಿತ್ತು. 11, 12 ಸೆಂಟಿಮೀಟರಿನ ಬಂಗುಡೆ ಮರಿಗಳು. ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟುಗಳಲ್ಲಿ ತಳದ ಬುಟ್ಟಿ ನೋಡಿದರೂ ಸಾಲದು. ಏಲಂ ನಡೆಯುವ ಕಡೆಗೆ ಬರದೆ, ಬೋಟಿನಿಂದ ನೇರ ಲಾರಿಗೆ ಹೋಗುವ ರಾಶಿಯೇ ಬೇರೆ. ಪುಟ್ಟ ಮದ್ಮಲ್, ಕಾರ್ಗಿಲ್ ಮೀನು, ಯಾವುದರದ್ದೋ ಮರಿ, ಜಜ್ಜಿ ಹೋದದ್ದು, ಎಲ್ಲ ಸೇರಿ ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಪುಡಿಯಾಗಿ, ಎಣ್ಣೆಯಾಗಿ, ಸಾಕುವ ಸಿಗಡಿಗೋ ಕೋಳಿಗೋ ಆಹಾರವಾಗಿ ಹೋಗುತ್ತದೆ. ಕೊಳ್ಳುವವರ ಕಣ್ಣಿಗೆ ಬೀಳದ ಮೀನು ನಮ್ಮ ಹಲಗೆಗೂ ಬೀಳುತ್ತಿರಲಿಲ್ಲ. ಬೂತಾಯಿ 10 ಸೆಂ.ಮೀ., ಬಂಗುಡೆ 14 ಸೆಂ.ಮೀ.ಗಿಂತ ಚಿಕ್ಕದಿದ್ದರೆ ಹಿಡಿಯಬಾರದು ಅಂತ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿದೆ, ಕೇರಳ ಅದನ್ನು ಮೊದಲು ನಿಯಮ ಮಾಡಿತು. ನಮ್ಮ ಹುಡುಗಿಯ ಮೊದಲ ತಿಂಗಳ ಲೆಕ್ಕ ನೋಡಿದ್ದರೆ, ಇಲ್ಲಿ ಅಂಥ ನಿಯಮವೇ ಬೇಡ ಅನ್ನಬಹುದಿತ್ತು.

ಅಳತೆ ತಪ್ಪಿದರೆ ಚಿತ್ರ ಬಾಚಣಿಗೆಯಾಗಿ ಕೂಗಿ ಹೇಳುತ್ತದೆ. ಬುಟ್ಟಿ ತಪ್ಪಿದರೆ ಚಿತ್ರ ಚೆಂದವಾಗಿ ಬಂದು ಸುಮ್ನೆ ಕೂರುತ್ತದೆ. ನನ್ನ ರೇಗಾಟವೆಲ್ಲ ಕೂಗುವ ತಪ್ಪಿನ ಮೇಲೇ ಖರ್ಚಾಗಿತ್ತು.

ಆಮೇಲೆ ನಾನು ಹಳೆಯ ವಿದ್ಯಾರ್ಥಿಗಳ ಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ. ಅಲ್ಲೂ ಇದೇ ಕತೆ, ಬೇರೆ ವೇಷದಲ್ಲಿ. ಒಬ್ಬ ಮೂರು ವರ್ಷ ಹೆಚ್ಚು ಕಡಿಮೆ ಅದೇ ನಾಲ್ಕು ಬೋಟುಗಳ ಮೀನು ಅಳೆದಿದ್ದ. ಯಾಕೆ? ಆ ತಾಂಡೇಲರು, ಅಂದರೆ ಬೋಟು ನಡೆಸುವವರು, ಒಳ್ಳೆಯವರು, ಚಾ ಕೊಡಿಸುತ್ತಿದ್ದರು. ಮನುಷ್ಯ ಸಹಜ ಅಲ್ವಾ? ಆದರೆ ಪರಿಚಯದ ಬೋಟು ಹೋಗುವ ಜಾಗ, ಬಿಡುವ ಬಲೆ ಒಂದೇ ಥರ ಇರುತ್ತದೆ. ದೇಶದ ಕಡಲಮೀನಿನ ಲೆಕ್ಕ ಇಡುವವರು ಇದಕ್ಕೇ ಒಂದು ಕ್ರಮ ಮಾಡಿಟ್ಟಿದ್ದಾರೆ. ಯಾವ ದಿನ, ಯಾವ ದಕ್ಕೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಮೊದಲ ದಿನ ಮಧ್ಯಾಹ್ನ 12ರಿಂದ ಸಂಜೆ 6, ಮರುದಿನ ಬೆಳಿಗ್ಗೆ 6ರಿಂದ ಮಧ್ಯಾಹ್ನ 12 ಅಲ್ಲೇ ಇದ್ದು ನೋಡುತ್ತಾರೆ. ನಡುವಿನ ರಾತ್ರಿ ಎಷ್ಟು ಬಂತು ಅನ್ನುವುದನ್ನು ಅಲ್ಲಿನವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಕೊನೆಗೆ ವಿಜ್ಞಾನವೂ ಒಬ್ಬರ ಮಾತನ್ನು ನಂಬಲೇಬೇಕು.

ನಾವೂ ಚೀಟಿ ಎತ್ತಲು ಶುರುಮಾಡಿದೆವು, ನಿಜವಾಗಿಯೂ ಚೀಟಿ, ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ. ಅಳೆದ ಮೀನನ್ನು ಕೊಂಡು ಲ್ಯಾಬಿಗೆ ತರಬೇಕಾದಾಗ ಬೇರೆ ತರಲೆ. ಒಮ್ಮೆ ಲೆಕ್ಕಪತ್ರದವರು ಮೀನಿಗೆ ಬಿಲ್ ಕೇಳಿದರು. ತಲೆಯ ಮೇಲೆ ಬುಟ್ಟಿ ಹೊತ್ತ ಅಕ್ಕನ ಹತ್ತಿರ ಬಿಲ್ ಎಲ್ಲಿಂದ ತರುವುದು? ಎರಡು ಕಿಲೋ ಬೂತಾಯಿಗೆ ಮೂರು ಪತ್ರ ಬರೆದೆ. ಇನ್ನೊಂದು ವಿಷಯ ನಾಚಿಕೆಯಿಂದಲೇ ಹೇಳಬೇಕು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ದಕ್ಕೆಯಲ್ಲಿರುವ ಹುಡುಗಿ ಶೌಚಕ್ಕೆ ಎಲ್ಲಿ ಹೋಗುತ್ತಾಳೆ ಅಂತ ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅದಕ್ಕೂ ದಾರಿ ಮಾಡಿಕೊಟ್ಟವರು ಆ ಮೀನಿನ ಅಕ್ಕನೇ, ಹತ್ತಿರದ ತಮ್ಮ ನೆಂಟರ ಮನೆ ತೋರಿಸಿ.

ಇಷ್ಟೆಲ್ಲ ಮಾಡಿ ಕಡಲಲ್ಲಿ ಮೀನೆಷ್ಟಿದೆ ಅಂತ ಗೊತ್ತಾಗುತ್ತದಾ? ಬೂತಾಯಿ ವಿಷಯದಲ್ಲಿ ದೊಡ್ಡ ಮಾತಾಡಿದವರೆಲ್ಲ ಒಮ್ಮೆಯಾದರೂ ಮುಖ ಕೆಡಿಸಿಕೊಂಡಿದ್ದಾರೆ. 2012ರಲ್ಲಿ ಕೇರಳ ಒಂದಕ್ಕೇ ಸುಮಾರು 3.9 ಲಕ್ಷ ಟನ್ ಬಂದಿತ್ತು. 2021ರಲ್ಲಿ ಬಂದದ್ದು 3,297 ಟನ್. ಲಕ್ಷ ಹೋಗಿ ಸಾವಿರವಾಯಿತು. ನಮ್ಮ ಕಡೆಯೂ ಪತ್ರಿಕೆಗಳಲ್ಲಿ ಮತ್ಸ್ಯಕ್ಷಾಮ ಅನ್ನುವ ಪದ ಮೇಲಿಂದ ಮೇಲೆ ಬರುತ್ತಿತ್ತು. ಮೂರು ವರ್ಷ ಕಳೆಯುವುದರೊಳಗೆ ಬೂತಾಯಿ ಮತ್ತೆ ಬಂತು. 2024ರಲ್ಲಿ ಕೇರಳಕ್ಕೆ ಒಂದೂವರೆ ಲಕ್ಷ ಟನ್‌ನಷ್ಟು.

ವಿದ್ಯಾರ್ಥಿಗಳಿಗೆ ಯಾವಾಗಲೂ ಒಬ್ಬ ವಿಲನ್ ಬೇಕು. ಪರ್ಸಿನ್ ಬಲೆಯೇ ಕಾರಣ ಅಂತ ಬರೆದರೆ ಪ್ರಬಂಧ ಬೇಗ ಮುಗಿಯುತ್ತದೆ. ನಾನು ಅವರಿಗೆ ಹಳೆಯ ಲೆಕ್ಕ ತೋರಿಸುತ್ತೇನೆ. 1940ರ ದಶಕದಲ್ಲೂ ಬೂತಾಯಿ ಹೀಗೆ ಮಾಯವಾಗಿತ್ತು. ಆಗ ಎಂಜಿನ್ ಬೋಟು ಎಲ್ಲಿತ್ತು? ಮದರಾಸು ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಅದಕ್ಕೂ ಎಷ್ಟೋ ಮೊದಲು ಮಲಬಾರ್ ತೀರದಲ್ಲಿ ಈ ಮೀನಿನ ಏರಿಳಿತದ ಬಗ್ಗೆ ಬರೆದಿಟ್ಟಿದ್ದಾರೆ. ಮುಂಗಾರಿನಲ್ಲಿ ಕಡಲಿನ ತಳದ ತಣ್ಣೀರು ಮೇಲೆ ಬರುತ್ತದೆ. ಆ ನೀರಿನಲ್ಲಿ ಗೊಬ್ಬರದ ಅಂಶ ಜಾಸ್ತಿ, ಉಸಿರಿನ ಗಾಳಿ ಕಡಿಮೆ. ಗೊಬ್ಬರದಿಂದ ಕಣ್ಣಿಗೆ ಕಾಣದ ಪಾಚಿ ಹುಲುಸಾಗುತ್ತದೆ, ಬೂತಾಯಿಗೆ ಅದೇ ಊಟ. ಉಸಿರಿನ ಗಾಳಿ ಕಡಿಮೆಯಾದಾಗ ಮೀನು ಮೇಲಕ್ಕೆ, ದಡದ ಕಡೆಗೆ ಸರಿಯುತ್ತದೆ. ಇದು ಕೇರಳದ ದಕ್ಷಿಣ ತುದಿಯಲ್ಲಿ ಮೊದಲು ಶುರುವಾಗಿ ನಮ್ಮ ಕಡೆಗೆ ಬರುತ್ತದೆ. ಒಂದು ವರ್ಷ ಮಳೆ, ಗಾಳಿ, ನೀರಿನ ಬಿಸಿ ಹೆಚ್ಚು ಕಡಿಮೆಯಾದರೆ ಮರಿಗಳಿಗೆ ಊಟ ತಪ್ಪುತ್ತದೆ. 2015ರ ಎಲ್ ನಿನೋ, ಅಂದರೆ ಪೆಸಿಫಿಕ್ ಕಡಲಿನ ನೀರು ಬಿಸಿಯೇರಿ ಹವೆ ಏರುಪೇರಾಗುವುದರ ಬಗ್ಗೆ ಸಂಶೋಧಕರು ಹೇಳುವುದು ಇದನ್ನೇ. ಹಾಗಂತ ಬಲೆ ನಿರಪರಾಧಿಯಲ್ಲ. ಕೆಟ್ಟ ವರ್ಷದಲ್ಲಿ ಉಳಿದ ನಾಲ್ಕು ಮರಿಯನ್ನೂ ಬಾಚಿದರೆ ಒಳ್ಳೆಯ ವರ್ಷಕ್ಕೆ ತಾಯಿ ಎಲ್ಲಿಂದ ಬರಬೇಕು?

ವಲಸೆ ಅಂದಾಗ ಎಲ್ಲರೂ ಸಾಲ್ಮನ್ ಥರ ಸಾವಿರಾರು ಮೈಲಿ ಅಂದುಕೊಳ್ಳುತ್ತಾರೆ. ನಮ್ಮ ಬೂತಾಯಿ, ಬಂಗುಡೆಯದ್ದು ಬಹುಪಾಲು ಹಿತ್ತಲಿಂದ ಅಂಗಳಕ್ಕೆ ಬಂದ ಹಾಗೆ, ಆಳದಿಂದ ದಡಕ್ಕೆ, ದಡದಿಂದ ಆಳಕ್ಕೆ. 1960ರ ದಶಕದ ಕೊನೆಯಲ್ಲಿ ಮೀನಿಗೆ ಗುರುತಿನ ಬಿಲ್ಲೆ ಕಟ್ಟಿ ಬಿಟ್ಟು ನೋಡಿದ್ದಾರೆ. 1970ರ ದಶಕದಲ್ಲಿ ಈ ಮೀನುಗಳ ಅಧ್ಯಯನಕ್ಕೆಂದೇ ವಿಶ್ವಸಂಸ್ಥೆಯ ನೆರವಿನಿಂದ ನಡೆದ ಒಂದು ಯೋಜನೆಗೆ ಎರಡು ಹಡಗುಗಳಿದ್ದವು. ಅವುಗಳ ಹೆಸರೇ ಸಾರ್ಡಿನೆಲ್ಲಾ ಮತ್ತು ರಾಸ್ಟ್ರೆಲ್ಲಿಗರ್, ಅಂದರೆ ಬೂತಾಯಿ ಮತ್ತು ಬಂಗುಡೆ! ಮಲ್ಪೆಯಲ್ಲಿ ಕೇಳಿದರೆ ಮೀನು ಕೇರಳಕ್ಕೆ ಹೋಗಿದೆ ಅನ್ನುತ್ತಾರೆ. ಅಲ್ಲಿಯವರು ಇಲ್ಲಿಗೆ ಬಂದಿದೆ ಅನ್ನುತ್ತಾರೆ.

ಹಿರಿಯ ತಾಂಡೇಲರೊಬ್ಬರು ಒಮ್ಮೆ ನನ್ನನ್ನು ನಿಲ್ಲಿಸಿ ಕೇಳಿದರು. "ಸರ್, ನಿಮ್ಮ ಮಕ್ಕಳು ಇಷ್ಟು ವರ್ಷದಿಂದ ಅಳೀತಾರೆ. ಮೀನು ಎಲ್ಲಿ ಹೋಯ್ತು ಅಂತ ನಿಮಗೆ ಗೊತ್ತುಂಟಾ?" ಇಲ್ಲ ಅಂದೆ. "ಮತ್ತೆ ನಿಮ್ಮ ಲೆಕ್ಕದಲ್ಲಿ ನಮಗೆ ಕಾನೂನು ಮಾತ್ರ ಬರ್ತದಲ್ಲ ಮಾರಾಯ್ರೇ." ಅವರು ಚಿಕ್ಕಂದಿನಲ್ಲಿ ಪಡುಕರೆಯ ದಡದಲ್ಲಿ ರಂಪಣಿ ಬಲೆ ಎಳೆದವರು. ಊರಿಗೆ ಊರೇ ಸೇರಿ ದಡದಿಂದ ಎಳೆಯುವ ಬಲೆ, ಬಂದದ್ದರಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬಂತು. ದಡಕ್ಕೆ ಬರುವ ಮೊದಲೇ ಮೀನನ್ನು ಕಡಲಲ್ಲೇ ಸುತ್ತಿ ಹಾಕಿತು. ದೊಡ್ಡ ರಂಪಣಿಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು. ಈಗ ಉಳಿದದ್ದು ಅದರ ಚಿಕ್ಕ ರೂಪವಾದ ಕೈರಂಪಣಿ. "ಆಗಲೂ ಅಳೀಲಿಕ್ಕೆ ಬರ್ತಿದ್ರು, ಪ್ಯಾಂಟ್ ಮಡ್ಚಿಕೊಂಡು" ಅಂದರು. ನನಗೆ ಉತ್ತರ ತೋಚಲಿಲ್ಲ.

ಅವರ ಮಾತಿನ ಬಿಸಿ ನಮಗೆ ಬೇರೆ ಕಡೆ ತಟ್ಟಿತು. ನಮ್ಮ ಒಬ್ಬ ವಿದ್ಯಾರ್ಥಿ ಒಂದು ಸಭೆಯಲ್ಲಿ ಮರಿಮೀನಿನ ಚಿತ್ರಗಳನ್ನು ತೋರಿಸಿದ. ಒಂದು ಚಿತ್ರದಲ್ಲಿ ಬೋಟಿನ ಹೆಸರು ಕಾಣುತ್ತಿತ್ತು. ಅದು ಹೇಗೋ ವಾಟ್ಸ್ಆ್ಯಪಿನಲ್ಲಿ ಓಡಾಡಿತು. ಒಂದು ದಕ್ಕೆಯಲ್ಲಿ ಎರಡು ತಿಂಗಳು ನಮಗೆ ಬುಟ್ಟಿ ಮುಟ್ಟಲು ಬಿಡಲಿಲ್ಲ. ಹುಡುಗನ ತಪ್ಪಲ್ಲ, ಆ ಚಿತ್ರಗಳನ್ನು ನೋಡಿ ಸರಿ ಅಂದವನು ನಾನು. ಈಗ ಬೋಟಿನ ಹೆಸರು ಬರೆಯುವುದೇ ಇಲ್ಲ, ಬಲೆಯ ಬಗೆ ಮತ್ತು ಹಿಡಿದ ಆಳ ಮಾತ್ರ. ಕ್ಷಮೆ ಕೇಳಲು ಹೋದಾಗ, ನಮ್ಮ ಲೆಕ್ಕವನ್ನು ಕನ್ನಡದಲ್ಲಿ ದೊಡ್ಡ ಹಾಳೆಯಲ್ಲಿ ಬರೆದು ಚಾ ಅಂಗಡಿಯ ಗೋಡೆಗೆ ಅಂಟಿಸಿ ಬಂದೆವು. ಯಾರೂ ಓದಲಿಲ್ಲ ಅಂದುಕೊಂಡಿದ್ದೆವು. ಹದಿನೈದು ದಿನ ಬಿಟ್ಟು ಹೋದರೆ, ಒಂದು ಮೀನಿನ ಹೆಸರನ್ನು ಯಾರೋ ಪೆನ್ನಿನಲ್ಲಿ ಹೊಡೆದು ಸರಿ ಹೆಸರು ಬರೆದಿದ್ದರು.

ಇಷ್ಟಾದರೂ ವರ್ಷಕ್ಕೊಮ್ಮೆ ನಮ್ಮ ಲೆಕ್ಕದಲ್ಲಿ ದೊಡ್ಡ ತೂತು ಬೀಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅದು ಸರಿಯೇ. ಆದರೆ ಬೂತಾಯಿ ಮೊಟ್ಟೆಯಿಡುವ ಮುಖ್ಯ ಕಾಲವೂ ಅದೇ. ನಮಗೆ ಅತಿ ಬೇಕಾದ ಮೀನು ಸಿಗದಿರುವುದೂ ಆಗಲೇ. ಆ ಎರಡು ತಿಂಗಳು ನಾಡದೋಣಿಯವರೇ ಗತಿ. ಅವರೋ ತೂಫಾನ್ ಏಳಲಿ, ಕಡಲು ಕಲಕಲಿ ಅಂತ ಕಾಯುತ್ತಿರುತ್ತಾರೆ, ಅದು ತಣಿದ ಮೇಲೆ ದೋಣಿ ಇಳಿಸಲು.

ಹೋದ ಜುಲೈಯಲ್ಲಿ ನಮ್ಮ ಹುಡುಗಿ ಐದು ಬೆಳಿಗ್ಗೆ ಸುಮ್ಮನೆ ದಡದಲ್ಲಿ ಕಾದು ವಾಪಸ್ ಬಂದಿದ್ದಳು. ಆರನೆಯ ದಿನ ಫೋನ್ ಮಾಡಿದಳು. ಹಿಂದೆ ಮಳೆಯ ಸದ್ದು. ನಾಡದೋಣಿಯ ಅಣ್ಣ ಒಬ್ಬರು 27 ಬೂತಾಯಿ ಕೊಟ್ಟಿದ್ದಾರೆ, ದುಡ್ಡು ಬೇಡ ಅಂದಿದ್ದಾರೆ. ಆದರೆ ಒಂದು ಷರತ್ತು. ಹೊಟ್ಟೆ ಸೀಳುವ ಮೊದಲು ಅವರು ಒಂದೊಂದನ್ನೇ ಕೈಯಲ್ಲಿ ಹಿಡಿದು, ಹೊಟ್ಟೆ ಮೆಲ್ಲಗೆ ಒತ್ತಿ, ಹೆಣ್ಣೋ ಗಂಡೋ, ಮೊಟ್ಟೆ ಬಲಿತಿದೆಯೋ ಇಲ್ಲವೋ ಹೇಳುತ್ತಾರೆ, ಅವಳು ಬರೆದುಕೊಳ್ಳಬೇಕು. ಆಮೇಲೆ ಸೀಳಿ ಯಾರು ಸರಿ ಅಂತ ನೋಡುವುದು.

"ಎಷ್ಟು ತಪ್ಪಿದರು?" ಅಂತ ಕೇಳಿದೆ.

"ಎರಡು ಸರ್. ಆದರೆ ಅದರಲ್ಲಿ ಒಂದು ನನಗೂ ಸರಿಯಾಗಿ ಗೊತ್ತಾಗಿಲ್ಲ, ಲ್ಯಾಬಲ್ಲಿ ಇನ್ನೊಮ್ಮೆ ನೋಡ್ಬೇಕು."

ಸಂಜೆ ಅವಳ ಪುಸ್ತಕ ನೋಡಿದೆ. ಉದ್ದ, ತೂಕ, ಲಿಂಗ, ಮೊಟ್ಟೆಯ ಹಂತ ಅಂತ ನಾನು ಹಾಕಿಕೊಟ್ಟ ಕಾಲಂಗಳ ಪಕ್ಕ ಪೆನ್ಸಿಲಿನಲ್ಲಿ ಹೊಸದೊಂದು ಗೆರೆ ಎಳೆದಿದ್ದಳು. ಮೇಲೆ ಬರೆದಿತ್ತು: ಅಣ್ಣ ಹೇಳಿದ್ದು. ಆಗಸ್ಟಿನ ಹಾಳೆಗಳನ್ನು ಅಚ್ಚು ಹಾಕಿಸುವಾಗ ಆ ಕಾಲಂ ಸೇರಿಸಿಯೇ ಹಾಕಿಸಿದೆ.